ಸಿಗಡಿ ಸಿಪ್ಪೆ, ನ್ಯಾನೊ ಕಣ, ಮೂಗಿನ ಲಸಿಕೆ: ಫ್ಲೂ ತಡೆಯಲು ಇದು ನಡೆಯುವ ದಾರಿಯೇ?

ಕೋಡಿಬಾಗ ಕಡಲು (ಚರ್ಚೆ ಆರಂಭಿಸಿದವರು)

ಫ್ಲೂ ವೈರಸ್ ಒಳಗೆ ಬರುವುದು ಮೂಗಿನಿಂದ. ನಾವು ಲಸಿಕೆ ಚುಚ್ಚುವುದು ತೋಳಿಗೆ. ತೋಳಿನ ಚುಚ್ಚುಮದ್ದು ರಕ್ತದಲ್ಲಿ ಐಜಿಜಿ ಪ್ರತಿಕಾಯಗಳನ್ನು ಚೆನ್ನಾಗಿ ಹುಟ್ಟಿಸುತ್ತದೆ. ಅವು ಶ್ವಾಸಕೋಶವನ್ನು ಕಾಯುತ್ತವೆ, ಆಸ್ಪತ್ರೆ ಸೇರುವ ಅಪಾಯವನ್ನು ತಗ್ಗಿಸುತ್ತವೆ. ಆದರೆ ಮೂಗಿನ ಲೋಳೆಪೊರೆಯನ್ನು ಕಾಯುವುದು ಐಜಿಎ ಎಂಬ ಬೇರೆ ಬಗೆಯ ಪ್ರತಿಕಾಯ. ಚುಚ್ಚುಮದ್ದಿನಿಂದ ಅದು ಅಷ್ಟಾಗಿ ಏಳುವುದಿಲ್ಲ. ಹಾಗಾಗಿ ಲಸಿಕೆ ಹಾಕಿಸಿಕೊಂಡವರ ಮೂಗಿನಲ್ಲೂ ವೈರಸ್ ಬೆಳೆದು ಮನೆಮಂದಿಗೆಲ್ಲ ಹರಡಬಹುದು.

ನಾನು ಕಾರವಾರದವಳು. ಈಗ ದೂರದ ಪ್ರಯೋಗಾಲಯವೊಂದರಲ್ಲಿ ಕೈಟೊಸಾನ್ ಕಣಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಸಿಗಡಿ ಮತ್ತು ಏಡಿಯ ಚಿಪ್ಪಿನಲ್ಲಿರುವ ಕೈಟಿನ್ ಅನ್ನು ಗಾಢ ಕ್ಷಾರದಲ್ಲಿ ಬೇಯಿಸಿದರೆ ಕೈಟೊಸಾನ್ ಸಿಗುತ್ತದೆ. ಇದಕ್ಕೆ ಧನಾವೇಶವಿದೆ, ಮೂಗಿನ ಲೋಳೆಗೆ ಋಣಾವೇಶ. ಆದ್ದರಿಂದ ಅದು ಲೋಳೆಗೆ ಅಂಟಿಕೊಳ್ಳುತ್ತದೆ. ಮೂಗಿನ ಜೀವಕೋಶಗಳ ನಡುವಿನ ಬಿಗಿ ಸಂದುಗಳನ್ನು ಸ್ವಲ್ಪ ಹೊತ್ತು ಸಡಿಲಿಸುವ ಗುಣವೂ ಇದೆ. ಫ್ಲೂ ವೈರಸ್ಸಿನ ಪ್ರೋಟೀನನ್ನು ಇಂತಹ ಕಣದಲ್ಲಿ ಸೇರಿಸಿ ಮೂಗಿಗೆ ಸಿಂಪಡಿಸುವುದು ನಮ್ಮ ಯೋಜನೆ. ಕಣದ ಗಾತ್ರ 100ರಿಂದ 200 ನ್ಯಾನೊಮೀಟರ್. ಫ್ಲೂ ವೈರಸ್ಸೂ ಸುಮಾರು 80ರಿಂದ 120 ನ್ಯಾನೊಮೀಟರ್ ಇರುವುದರಿಂದ, ಆ ಗಾತ್ರದ ವಸ್ತುವನ್ನು ಹಿಡಿದು ನುಂಗುವುದು ನಮ್ಮ ರೋಗನಿರೋಧಕ ಕೋಶಗಳಿಗೆ ಹಳೆಯ ರೂಢಿ.

ಸದ್ಯ ಮಾರುಕಟ್ಟೆಯಲ್ಲಿ ಹೆಸರು ಮಾಡಿರುವ ಮೂಗಿನ ಫ್ಲೂ ಲಸಿಕೆಗಳೆಂದರೆ ದುರ್ಬಲಗೊಳಿಸಿದ ಜೀವಂತ ವೈರಸ್ಸಿನವು. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಫ್ಲೂಮಿಸ್ಟ್ ಒಂದು. ಹಂದಿಜ್ವರದ ಕಾಲದಲ್ಲಿ, 2010ರಲ್ಲಿ, ಪುಣೆಯ ಸೀರಂ ಸಂಸ್ಥೆ ತಂದ ನಾಸೊವ್ಯಾಕ್ ಇನ್ನೊಂದು. ಕಣದ ಲಸಿಕೆಯಲ್ಲಿ ಜೀವಂತ ವೈರಸ್ಸೇ ಇರುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಸರ್ಕಾರಿ ಹಣ ಧಾರಾಳವಾಗಿ ಬರಬೇಕು, ನಮ್ಮ ಕರಾವಳಿಯ ಸಿಪ್ಪೆಯೂ ಬಳಕೆಯಾಗಬೇಕು ಎಂಬುದು ನನ್ನ ವಾದ. ಬೇಡ ಎನ್ನುವವರು ಕಾರಣ ಕೊಡಿ.

ತೋಟಿಗ ಶಿರಸಿ

ಕಾರಣ ಬೇಕೇ? ಸಿದ್ದಾಪುರಕ್ಕೆ ಬನ್ನಿ. ಮಂಗನ ಕಾಯಿಲೆಯನ್ನು ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ್ದು 1957ರಲ್ಲಿ. ಇದ್ದ ಒಂದು ಲಸಿಕೆಯ ಬಲ ಸಾಲದೆಂದು ಅದನ್ನೂ ನಿಲ್ಲಿಸಿದರು. ಬೇಸಿಗೆ ಬಂತೆಂದರೆ ದರಕು (ಒಣ ಎಲೆ) ತರಲು ಬೆಟ್ಟಕ್ಕೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಂಡು ಉಣುಗಿಗೆ ಹೆದರುತ್ತಾ ಹೋಗಬೇಕು. ನಮ್ಮ ಕಾಡಿನ ಕಾಯಿಲೆಗೆ ನೆಟ್ಟಗೆ ಒಂದು ಲಸಿಕೆ ಇಲ್ಲದಿರುವಾಗ, ಪ್ರತಿವರ್ಷ ಚುಚ್ಚುಮದ್ದು ಸಿಗುವ ಫ್ಲೂಗೆ ಮೂಗಿನ ವೈಭವ ಯಾಕೆ?

ಇನ್ನೊಂದು ಮಾತು. ನಾವು ಸಿಗಡಿ ಮುಟ್ಟದ ಜನ. ಮೂಗಿಗೆ ಹಾಕಿಸಿಕೊಳ್ಳಿ ಎಂದರೆ ನಮ್ಮ ಮನೆಯ ಹಿರಿಯರು ಒಪ್ಪುವರೇ?

ಶೆಟ್ಲಿ ಸಾರು

ತೋಟಿಗರೇ, ಈಗಿನ ಫ್ಲೂ ಚುಚ್ಚುಮದ್ದನ್ನು ಹೆಚ್ಚಾಗಿ ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆಂದು ನಿಮ್ಮ ಹಿರಿಯರಿಗೆ ಯಾರೂ ಹೇಳಿಲ್ಲವೇ? ಹೇಳದಿರುವುದೇ ಒಳ್ಳೆಯದು, ಪಾಪ, ತೋಳು ಕೊಟ್ಟಾಗಿದೆ.

ನನ್ನ ಪ್ರಶ್ನೆ ಬೇರೆ. ಅಂಕೋಲಾ ಕಡೆ ನಮ್ಮ ಮನೆಯಲ್ಲಿ ಶೆಟ್ಲಿ, ಅಂದರೆ ಸಿಗಡಿ, ಸುಲಿಯುವುದೇ ಕಸುಬು. ನನ್ನ ನಾದಿನಿಗೆ ಶೆಟ್ಲಿ ತಿಂದರೆ ಮೈಯೆಲ್ಲ ದದ್ದು ಏಳುತ್ತದೆ, ತುಟಿ ಊದುತ್ತದೆ. ಅಂಥವರ ಮೂಗಿಗೆ ಇದನ್ನು ಹಾಕಿದರೆ ಗತಿ ಏನು, ತಂಗಿ?

ಕೋಡಿಬಾಗ ಕಡಲು

ಅಕ್ಕಾ, ಇದನ್ನು ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದೆ. ಸಿಗಡಿಯ ಅಲರ್ಜಿಗೆ ಮುಖ್ಯ ಕಾರಣ ಅದರ ಮಾಂಸದಲ್ಲಿರುವ ಟ್ರೋಪೊಮಯೊಸಿನ್ ಎಂಬ ಪ್ರೋಟೀನ್. ಕೈಟೊಸಾನ್ ಪ್ರೋಟೀನ್ ಅಲ್ಲ, ಸಕ್ಕರೆಯ ಘಟಕಗಳು ಒಂದಕ್ಕೊಂದು ಬೆಸೆದ ಉದ್ದನೆಯ ಸರಪಳಿ. ಆಮ್ಲದಲ್ಲಿ ಸುಣ್ಣದಂಶ ತೆಗೆದು, ಕ್ಷಾರದಲ್ಲಿ ಪ್ರೋಟೀನ್ ತೆಗೆದು, ಮತ್ತೆ ಗಾಢ ಕ್ಷಾರದಲ್ಲಿ ಬೇಯಿಸಿದ ಮೇಲೆ ಉಳಿಯುವುದು ಅದು. ಸರಿಯಾಗಿ ಶುದ್ಧ ಮಾಡಿದರೆ ಅಲರ್ಜಿ ಎಬ್ಬಿಸುವ ಅಂಶ ಉಳಿಯಬಾರದು. ಹಾಗೆಂದು ನಿಮ್ಮ ನಾದಿನಿಯವರನ್ನು ಮೊದಲ ಹಂತದ ಪರೀಕ್ಷೆಗೆ ಯಾರೂ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಳ್ಳಲೂಬಾರದು.

ತೋಟಿಗರ ಹಿರಿಯರಿಗೂ ದಾರಿ ಇದೆ. ಕೈಟಿನ್ ಅಣಬೆಯಲ್ಲೂ ಬೂಷ್ಟಿನಲ್ಲೂ ಇರುತ್ತದೆ. ಅಣಬೆಯಿಂದ ತೆಗೆದ ಕೈಟೊಸಾನ್ ಈಗಾಗಲೇ ತಯಾರಾಗುತ್ತಿದೆ.

ಯಾಣದ ಬಂಡೆ

ಔಷಧ ತಯಾರಿಕೆಯ ಗುಣಮಟ್ಟ ವಿಭಾಗದಲ್ಲಿ ನೌಕರಿ ಮುಗಿಸಿ ಕುಮಟಾದಲ್ಲಿ ಕುಳಿತಿರುವವನು ನಾನು. ಉತ್ಸಾಹಕ್ಕೆ ತಣ್ಣೀರು ಎರಚುವುದೇ ಸಂಬಳದ ಕೆಲಸವಾಗಿತ್ತು. ಈಗ ಸಂಬಳವಿಲ್ಲದೆ ಮಾಡುತ್ತೇನೆ.

ಸ್ವಿಟ್ಜರ್ಲೆಂಡಿನ ಪ್ರಕರಣ ಈ ಚರ್ಚೆಯಲ್ಲಿ ಯಾಕೆ ಬರಲಿಲ್ಲ? 2000ದ ಅಕ್ಟೋಬರಿನಲ್ಲಿ ಅಲ್ಲಿ ಮೂಗಿನ ಫ್ಲೂ ಲಸಿಕೆಯೊಂದು ಮಾರುಕಟ್ಟೆಗೆ ಬಂತು. ಜೀವಂತ ವೈರಸ್ ಅಲ್ಲ, ವೈರಸ್ಸಿನ ಪ್ರೋಟೀನನ್ನು ಹೊತ್ತ ವೈರೋಸೋಮ್, ಅಂದರೆ ಈ ತಂಗಿ ಹೇಳುವ ಜಾತಿಯದೇ ಕಣ. ಬಲ ಹೆಚ್ಚಲೆಂದು ಇ. ಕೊಲೈ ಬ್ಯಾಕ್ಟೀರಿಯಾದ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸಿದ್ದರು. ಹಾಕಿಸಿಕೊಂಡ ಕೆಲವರಿಗೆ ಮುಖದ ಒಂದು ಪಕ್ಕ ಸೋತು ಬಾಯಿ ಓರೆಯಾಯಿತು. ವೈದ್ಯರು ಬೆಲ್ಸ್ ಪಾಲ್ಸಿ ಎನ್ನುವುದು ಇದನ್ನೇ. 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಲೆಕ್ಕದ ಪ್ರಕಾರ, 10,000 ಜನರಿಗೆ ಲಸಿಕೆ ಕೊಟ್ಟರೆ ಸುಮಾರು 13 ಹೆಚ್ಚುವರಿ ಪ್ರಕರಣ. ಒಂದೇ ಹಂಗಾಮಿಗೆ ಲಸಿಕೆಯ ಆಯುಷ್ಯ ಮುಗಿಯಿತು.

ಈಗ ಗಣಿತ ನೋಡಿ. 200 ಜನರ ಮೇಲೆ ಪರೀಕ್ಷೆ ಮಾಡಿದರೆ ಈ ಪ್ರಮಾಣದಲ್ಲಿ ಸಿಗುವುದು ಕಾಲು ಭಾಗ ರೋಗಿ. ಅಂದರೆ ಯಾರೂ ಸಿಗುವುದಿಲ್ಲ, ವರದಿಯಲ್ಲಿ “ಸುರಕ್ಷಿತ” ಎಂದು ಬರೆಯುತ್ತಾರೆ. ಮೇಲಾಗಿ ಹೆಚ್ಚಿನವರಲ್ಲಿ ಲಕ್ಷಣ ಕಾಣಿಸಿಕೊಂಡಿದ್ದು ಲಸಿಕೆ ಪಡೆದು ತಿಂಗಳು ಕಳೆದ ಮೇಲೆ. ಎರಡು ವಾರ ನೋಡಿ ಕಡತ ಮುಚ್ಚಿದವರಿಗೆ ಅದೂ ಸಿಗುವುದಿಲ್ಲ.

ಕೋಡಿಬಾಗ ಕಡಲು

ಸರ್, ಅಲ್ಲಿ ಸಂಶಯ ಹೋಗಿದ್ದು ಆ ವಿಷದ ಮೇಲೆ, ಕಣದ ಮೇಲಲ್ಲ. ಅಂತಹ ವಿಷ ನರಕೋಶದ ಮೇಲ್ಮೈಯಲ್ಲಿರುವ ಕೊಬ್ಬಿನ ಅಣುಗಳಾದ ಗ್ಯಾಂಗ್ಲಿಯೊಸೈಡ್‌ಗಳಿಗೆ ಅಂಟುತ್ತದೆ. ಕೈಟೊಸಾನ್‌ಗೆ ಅಂತಹ ಗುಣವಿಲ್ಲ. ನಂತರದ ವಿಜ್ಞಾನಿಗಳು ಆ ವಿಷವನ್ನು ಮನುಷ್ಯರ ಮೂಗಿನಿಂದ ದೂರವಿಡಲು ಕಲಿತದ್ದೇ ಆ ಪ್ರಕರಣದಿಂದ.

ಯಾಣದ ಬಂಡೆ

ಸಂಶಯ ಹೋಗಿದ್ದು ವಿಷದ ಮೇಲೆ, ಒಪ್ಪುತ್ತೇನೆ. ಆದರೆ ಮೂಗಿನ ಮೇಲ್ಛಾವಣಿಯಲ್ಲಿ ಜರಡಿಯಂತಹ ತೆಳು ಮೂಳೆ ಇದೆ, ಅದರ ರಂಧ್ರಗಳ ಮೂಲಕ ವಾಸನೆಯ ನರಗಳು ನೇರವಾಗಿ ಮಿದುಳಿಗೆ ಹೋಗುತ್ತವೆ. ತೋಳಿನಲ್ಲಿ ಆ ಭಯವಿಲ್ಲ. ನೀವು ಬಿಗಿ ಸಂದುಗಳನ್ನು ಸಡಿಲಿಸುವುದನ್ನು ಹೆಚ್ಚುಗಾರಿಕೆ ಎಂದು ಬರೆದಿದ್ದೀರಿ. ನಾನು ಅದೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯುತ್ತೇನೆ. ಸಂದು ಸಡಿಲವಾದಾಗ ನಿಮ್ಮ ಪ್ರೋಟೀನ್ ಮಾತ್ರ ಒಳಗೆ ಹೋಗುತ್ತದೆ ಎಂದು ಬರೆದುಕೊಟ್ಟವರು ಯಾರು?

ದಾದಿ ಜೋಯಿಡಾ

ನನಗೆ ಕಣದ ವಿದ್ಯೆ ಗೊತ್ತಿಲ್ಲ, ಲಸಿಕೆ ಹಾಕುವುದು ಗೊತ್ತು. ಒಂದೆರಡು ಮಾತು ಹೇಳಿ ಹೋಗುತ್ತೇನೆ.

ಮಕ್ಕಳು ಸೂಜಿಗೆ ಅಳುತ್ತಾರೆ, ಮೂಗಿನ ಲಸಿಕೆ ಬಂದರೆ ಸಲೀಸು ಎನ್ನುವವರು ಮೂರು ವರ್ಷದ ಮಗುವಿನ ಮೂಗಿಗೆ ಒಮ್ಮೆ ಹನಿ ಹಾಕಿ ನೋಡಬೇಕು. ತಲೆ ಅಲ್ಲಾಡಿಸಿ, ಸೀನಿ, ಅರ್ಧವನ್ನು ನನ್ನ ಕೈಗೇ ಹಿಂದಿರುಗಿಸುತ್ತದೆ. ಒಳಗೆ ಹೋದದ್ದೆಷ್ಟು ಎಂದು ಯಾರು ಅಳೆಯುವುದು? ನೆಗಡಿ ಇದ್ದ ಮಗುವಾದರೆ ಕೇಳುವುದೇ ಬೇಡ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಗಡಿ ಇಲ್ಲದ ಮಗುವನ್ನು ಹುಡುಕಬೇಕು.

ಆದರೆ ಒಂದು ಕಾರಣಕ್ಕೆ ಮೂಗಿನ ಲಸಿಕೆ ನನಗೆ ಬೇಕು. ಶಾಲೆಗೆ ಹೋಗಿ ನೂರಾರು ಮಕ್ಕಳಿಗೆ ಒಂದೇ ದಿನ ಕೊಡುವಾಗ ಸೂಜಿ ಎಣಿಸುವುದು, ಬಳಸಿದ್ದನ್ನು ಕತ್ತರಿಸುವುದು, ಡಬ್ಬಿಯಲ್ಲಿ ತುಂಬಿ ವಾಪಸ್ ತರುವುದು ಇವೆಲ್ಲ ತಪ್ಪುತ್ತವೆ. ಬ್ರಿಟನ್ನಿನಲ್ಲಿ 2013ರಿಂದ ಮಕ್ಕಳಿಗೆ ಮೂಗಿನ ಫ್ಲೂ ಲಸಿಕೆಯನ್ನೇ ಕೊಡುತ್ತಾ ಬಂದಿದ್ದಾರೆಂದು ತರಬೇತಿಯಲ್ಲಿ ಹೇಳಿದ್ದರು.

ಈ ಕಣದ ಲಸಿಕೆಗೆ ಫ್ರಿಜ್ ಬೇಕೇ? ಅದನ್ನು ಹೇಳಿ. ಜೋಯಿಡಾದ ಮಳೆಯಲ್ಲಿ ಮರ ಬಿದ್ದು ವಿದ್ಯುತ್ ಹೋದರೆ ಯಾವಾಗ ಬರುತ್ತದೆಂದು ಲೈನ್‌ಮನ್‌ಗೂ ಗೊತ್ತಿರುವುದಿಲ್ಲ.

ಕೋಡಿಬಾಗ ಕಡಲು

ದ್ರವರೂಪದ್ದಕ್ಕೆ ಬೇಕಾಗುತ್ತದೆ ಮೇಡಂ, ಈಗಿನ ಲಸಿಕೆಗಳ ಹಾಗೆ 2ರಿಂದ 8 ಡಿಗ್ರಿ. ಕಣಗಳನ್ನು ಒಣಪುಡಿ ಮಾಡಿ ಮೂಗಿಗೆ ಊದುವ ಪ್ರಯತ್ನಗಳೂ ನಡೆದಿವೆ. ಪುಡಿ ಫ್ರಿಜ್ ಇಲ್ಲದೆಯೂ ಬಾಳಬಹುದು ಎಂಬುದೇ ಅದರ ಆಕರ್ಷಣೆ. ನಮ್ಮ ಮಳೆಗಾಲಕ್ಕೆ ತೊಡಕು ಬೇರೆ ಇದೆ. ಕೈಟೊಸಾನ್ ತೇವ ಹೀರುವ ವಸ್ತು. ಪ್ರತಿ ಡೋಸನ್ನೂ ಗಾಳಿಯಾಡದ ಹಾಳೆಯಲ್ಲಿ ಮುಚ್ಚಬೇಕು, ಒಡೆದ ಕೂಡಲೇ ಬಳಸಬೇಕು.

ಶೆಟ್ಲಿ ಸಾರು

ತಂಗಿ, ಒಂದು ಅರ್ಥವಾಗಲಿಲ್ಲ. ಲೋಳೆಗೆ ಅಂಟುವುದೇ ಒಳ್ಳೆಯದೆಂದು ಬರೆದೆ. ಮೂಗಿನ ಲೋಳೆ ಗಂಟಲಿಗೆ ಇಳಿದು ಹೊಟ್ಟೆಗೆ ಹೋಗುವುದಲ್ಲವೇ? ಅಂಟಿಕೊಂಡದ್ದೂ ಅದರ ಜೊತೆಗೇ ಹೋದರೆ?

ಕೋಡಿಬಾಗ ಕಡಲು

ಅಕ್ಕಾ, ನಮ್ಮ ಕ್ಷೇತ್ರದ ದೊಡ್ಡ ಜಗಳವೇ ಇದು. ಮೂಗಿನ ಒಳಮೈಯ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಗಂಟಲಿನತ್ತ ತಳ್ಳುತ್ತಿರುತ್ತವೆ. ಸಾಮಾನ್ಯ ದ್ರವ ಹಾಕಿದರೆ 15–20 ನಿಮಿಷದಲ್ಲಿ ಬಹುಪಾಲು ಸಾಗಿಹೋಗುತ್ತದೆ.

ಲೋಳೆಯನ್ನು ನಿಮ್ಮ ಬಲೆ ಎಂದುಕೊಳ್ಳಿ. ಬಲೆಯ ಕಣ್ಣಿಗಿಂತ ಸಣ್ಣ ಮೀನು ಕೂಡ ಮುಳ್ಳು ಚಾಚಿಕೊಂಡಿದ್ದರೆ ಸಿಕ್ಕಿಬೀಳುತ್ತದೆ, ನುಣುಪಾಗಿದ್ದರೆ ಜಾರಿ ಆಚೆ ಹೋಗುತ್ತದೆ. ಒಂದು ಪಕ್ಷದವರು ಅಂಟುವ ಕಣ ಬೇಕು, ಇರುವ ಸಮಯ ಹೆಚ್ಚುತ್ತದೆ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಕಣಕ್ಕೆ ಪಾಲಿಎಥಿಲಿನ್ ಗ್ಲೈಕಾಲ್ ಎಂಬ ನುಣುಪು ಹೊದಿಕೆ ಹಚ್ಚಿ, ಲೋಳೆಯನ್ನು ದಾಟಿಸಿ ಕೆಳಗಿನ ಕೋಶದವರೆಗೆ ಮುಟ್ಟಿಸಬೇಕು ಎನ್ನುತ್ತಾರೆ. ನಾನು ಅಂಟುವವರ ಪಕ್ಷ. ಕೈಟೊಸಾನ್ ಇದ್ದಾಗ ಸಾಗಣೆ ನಿಧಾನವಾಗುವುದನ್ನು ಮನುಷ್ಯರ ಮೂಗಿನಲ್ಲೇ ಅಳೆದಿದ್ದಾರೆ.

ಕೋಶವನ್ನು ಮುಟ್ಟಿದ ಮೇಲಿನ ಕೆಲಸ ಸ್ವಾರಸ್ಯದ್ದು. ಎಂ ಕೋಶಗಳೆಂಬ ಬಾಗಿಲು ಕಾಯುವ ಕೋಶಗಳು ಕಣವನ್ನು ಒಳಗೆ ಸೆಳೆದು ರೋಗನಿರೋಧಕ ಕೋಶಗಳಿಗೆ ಒಪ್ಪಿಸುತ್ತವೆ. ಅಲ್ಲಿ ತಯಾರಾದ ಬಿ ಕೋಶಗಳು ಐಜಿಎ ಸ್ರವಿಸಲು ಮೂಗಿನ ಪೊರೆಗೇ ಮರಳುತ್ತವೆ. ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಕೊಲ್ಲುವ ಕೆಲವು ಟಿ ಕೋಶಗಳು ರಕ್ತಕ್ಕೆ ಹೋಗದೆ ಅಲ್ಲೇ ಠಿಕಾಣಿ ಹೂಡುತ್ತವೆ. ಮುಂದಿನ ವರ್ಷ ವೈರಸ್ ಸ್ವಲ್ಪ ವೇಷ ಬದಲಿಸಿ ಬಂದರೂ ಈ ಟಿ ಕೋಶಗಳು ಗುರುತು ಹಿಡಿಯುವ ಸಾಧ್ಯತೆ ಹೆಚ್ಚು, ಏಕೆಂದರೆ ಅವು ನೋಡುವುದು ವೈರಸ್ಸಿನ ಒಳಗಿನ, ಅಷ್ಟಾಗಿ ಬದಲಾಗದ ಪ್ರೋಟೀನುಗಳನ್ನೂ ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ, ಫೆಬ್ರವರಿಯಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಹಂಗಾಮಿಗೆ ಯಾವ ತಳಿ ಎಂದು ಅಂದಾಜು ಮಾಡಬೇಕಾಗಿದೆ. ಅಂದಾಜು ಚೆನ್ನಾಗಿ ಹೊಂದಿದ ವರ್ಷದಲ್ಲೂ ಚುಚ್ಚುಮದ್ದು ಕಾಯಿಲೆಯ ಅಪಾಯ ತಗ್ಗಿಸುವುದು ಶೇಕಡಾ 40ರಿಂದ 60ರಷ್ಟು. ಇದಕ್ಕಿಂತ ಉತ್ತಮವಾದದ್ದು ಬೇಕೆಂದು ಕೇಳುವುದು ವೈಭವವೇ, ತೋಟಿಗರೇ?

ಯಾಣದ ಬಂಡೆ

ಇಷ್ಟೊತ್ತು ಓದಿದ್ದು ಇಲಿಯ ಪುರಾಣ. ಅಂಟುವ ಒಂದು ಮಾತನ್ನು ಬಿಟ್ಟರೆ ಉಳಿದದ್ದಕ್ಕೆ ಮನುಷ್ಯರ ಸಾಕ್ಷಿ ಎಲ್ಲಿ?

ಇಲಿಗೆ ಮೂಗಿನ ಲಸಿಕೆ ಕೊಡುವುದು ಹೇಗೆ ಗೊತ್ತೇ? ಬಹಳಷ್ಟು ಪ್ರಯೋಗಗಳಲ್ಲಿ ಅರಿವಳಿಕೆ ಕೊಟ್ಟು, ಸುಮಾರು 50 ಮೈಕ್ರೊಲೀಟರ್ ಹನಿಸುತ್ತಾರೆ. ಅಷ್ಟು ಪುಟ್ಟ ಪ್ರಾಣಿಗೆ ಅದು ಮೂಗಿನಲ್ಲಿ ನಿಲ್ಲುವ ಮಾತೇ ಇಲ್ಲ, ಶ್ವಾಸಕೋಶಕ್ಕೇ ಇಳಿಯುತ್ತದೆ. ಆಮೇಲೆ “ಮೂಗಿನ ಲಸಿಕೆ ಗೆದ್ದಿತು” ಎಂಬ ಪ್ರಬಂಧ. ಇಲಿಯ ಮೂಗಿನ ರೋಗನಿರೋಧಕ ಅಂಗಾಂಶದ ರಚನೆ ಬೇರೆ. ನಮ್ಮಲ್ಲಿ ಆ ಕೆಲಸದ ದೊಡ್ಡ ಪಾಲು ಗಂಟಲಿನ ಸುತ್ತಣ ಟಾನ್ಸಿಲ್, ಅಡಿನಾಯ್ಡ್‌ಗಳದ್ದು.

ಕೋವಿಡ್ ಕಾಲದ ಪಾಠವನ್ನೂ ನೆನಪಿಸುತ್ತೇನೆ. ಆಕ್ಸ್‌ಫರ್ಡಿನವರು ತಮ್ಮ ಚುಚ್ಚುಮದ್ದಿನ ಲಸಿಕೆಯನ್ನೇ ಮೂಗಿಗೆ ಸಿಂಪಡಿಸಿ ನೋಡಿದರು. ಪ್ರಾಣಿಗಳಲ್ಲಿ ಚೆನ್ನಾಗಿತ್ತು. ಮನುಷ್ಯರಲ್ಲಿ ಮೂಗಿನ ಪ್ರತಿಕಾಯ ಕಂಡಿದ್ದು ಕೆಲವರಲ್ಲಿ ಮಾತ್ರ, ಅದೂ ದುರ್ಬಲವಾಗಿ. 2022ರಲ್ಲಿ ಪ್ರಕಟಿಸಿ ಮುಗಿಸಿದರು. ಭಾರತ್ ಬಯೋಟೆಕ್ ತಂದ ಇನ್‌ಕೊವ್ಯಾಕ್ ಹನಿಗೆ 2022ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು, 2023ರ ಗಣರಾಜ್ಯೋತ್ಸವದಂದು ಬಿಡುಗಡೆ ಆಯಿತು. ಆಗ ಖಾಸಗಿ ಆಸ್ಪತ್ರೆಗೆ 800 ರೂಪಾಯಿ ಇತ್ತು. ಅದರ ಪರೀಕ್ಷೆಗೆ ಸರ್ಕಾರದ ಹಣವೂ ಹೋಗಿತ್ತು. ಈ ಚರ್ಚೆಯಲ್ಲಿ ಇರುವವರಲ್ಲಿ ಯಾರು ಹಾಕಿಸಿಕೊಂಡಿದ್ದೀರಿ, ಕೈ ಎತ್ತಿ.

ತೋಟಿಗ ಶಿರಸಿ

ನಾನು ಎತ್ತಲಿಲ್ಲ.

ದಾದಿ ಜೋಯಿಡಾ

ನಮ್ಮ ಕೇಂದ್ರಕ್ಕೆ ಬರಲೇ ಇಲ್ಲ.

ಕೋಡಿಬಾಗ ಕಡಲು

ಸರ್, ಇನ್‌ಕೊವ್ಯಾಕ್ ಬಂದದ್ದು ಜನ ಲಸಿಕೆಯ ಮಾತು ಮರೆಯಲು ಶುರುಮಾಡಿದ ಹೊತ್ತಿಗೆ. ಜನ ಹಾಕಿಸಿಕೊಳ್ಳದಿದ್ದುದಕ್ಕೆ ಅದೇ ಕಾರಣ, ಮೂಗಿನ ದಾರಿ ತಪ್ಪೆಂಬುದಕ್ಕೆ ಅದು ಸಾಕ್ಷಿಯಲ್ಲ. ಇನ್ನು ಆಕ್ಸ್‌ಫರ್ಡಿನವರು ಮೂಗಿಗೆಂದು ವಿನ್ಯಾಸ ಮಾಡದ ದ್ರವವನ್ನು ಸಿಂಪಡಿಸಿದರು. ಅಂಟಿಸುವ ಪದಾರ್ಥ ಇರಲಿಲ್ಲ, ಬಹುಭಾಗ ನುಂಗಿಹೋಗಿರಬಹುದು. ನೀವು ಅದನ್ನು ಕಣದ ವಿರುದ್ಧ ಬಳಸುತ್ತಿದ್ದೀರಿ. ನನಗೆ ಅದು ಕಣದ ಪರವಾದ ಸಾಕ್ಷಿಯಾಗಿ ಕಾಣುತ್ತದೆ.

ಜೀವಂತ ಲಸಿಕೆಯ ಮಿತಿಯನ್ನೂ ನೋಡಿ. ವಯಸ್ಕರ ಮೂಗಿನಲ್ಲಿ ಹಳೆಯ ಫ್ಲೂಗಳ ನೆನಪಿನ ಪ್ರತಿಕಾಯ ಇರುತ್ತದೆ. ದುರ್ಬಲ ವೈರಸ್ ಬೇರೂರುವ ಮೊದಲೇ ಅದನ್ನು ಕೊಂದುಬಿಡುತ್ತದೆ. ಅದಕ್ಕೇ ಫ್ಲೂಮಿಸ್ಟ್‌ಗೆ ಒಪ್ಪಿಗೆ ಇರುವುದು 2ರಿಂದ 49 ವರ್ಷದವರಿಗೆ. ಹಂದಿಜ್ವರದ ತಳಿಯ ವಿರುದ್ಧ ಕೆಲಸ ಮಾಡಲಿಲ್ಲವೆಂದು 2016ರಿಂದ ಎರಡು ಹಂಗಾಮು ಅಮೆರಿಕದಲ್ಲಿ ಅದನ್ನು ಶಿಫಾರಸಿನಿಂದಲೇ ಕೈಬಿಟ್ಟಿದ್ದರು, ತಳಿ ಬದಲಿಸಿದ ಮೇಲೆ ಮತ್ತೆ ಸೇರಿಸಿದರು. ಫ್ಲೂನಿಂದ ಹೆಚ್ಚು ಸಾಯುವುದು ಅರವತ್ತೈದು ದಾಟಿದವರು, ಅವರಿಗೆ ಫ್ಲೂಮಿಸ್ಟ್ ಕೊಡಲು ಒಪ್ಪಿಗೆಯೇ ಇಲ್ಲ. ಕಣಕ್ಕೆ ಬೇರೂರುವ ಅಗತ್ಯವಿಲ್ಲ.

ಅಘನಾಶಿನಿ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಮಗನಿಗೆ ನಾಲ್ಕು ವರ್ಷ, ಉಬ್ಬಸ ಇದೆ. ಮೂಗಿನ ಜೀವಂತ ಲಸಿಕೆ ಅಂತಹ ಸಣ್ಣ ಮಕ್ಕಳಿಗೆ ಬೇಡ ಎಂದು ಓದಿದೆ. ನ್ಯಾನೊ ಕಣದ್ದಾದರೆ ನಡೆಯುತ್ತದೆಯೇ? ಮತ್ತು ಅದು ಬರುವವರೆಗೆ ನಾನು ಏನು ಮಾಡಬೇಕು? ನಮ್ಮ ಜಿಲ್ಲೆಯಲ್ಲಿ ಉಸಿರಾಟ ಕೈಕೊಟ್ಟರೆ ಮಣಿಪಾಲವೋ ಹುಬ್ಬಳ್ಳಿಯೋ ಗೋವೆಯೋ ಎಂದು ದಾರಿ ಲೆಕ್ಕ ಹಾಕುವುದೇ ಗತಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗಿದ್ದಷ್ಟೇ ಬಂತು.

ತೋಟಿಗ ಶಿರಸಿ

ಇದನ್ನೇ ನಾನು ಹೇಳುತ್ತಿರುವುದು. ತುರ್ತು ನಿಗಾ ಘಟಕದ ಹಾಸಿಗೆಗೆ ಹಣವಿಲ್ಲ, ಕಣಕ್ಕೆ ಕೇಳುತ್ತೀರಿ.

ಕೋಡಿಬಾಗದವರೇ, ನೇರ ಪ್ರಶ್ನೆ. ಇದೇ ಕಣದೊಳಗೆ ಮಂಗನ ಕಾಯಿಲೆಯ ವೈರಸ್ಸಿನ ತುಂಡು ಹಾಕಿ ಮೂಗಿಗೆ ಕೊಟ್ಟರೆ? ಹಾಗಿದ್ದರೆ ನಾನೂ ನಿಮ್ಮ ಪಕ್ಷ.

ಕೋಡಿಬಾಗ ಕಡಲು

ನಿಮ್ಮ ಮತ ಗಳಿಸಲು ಹೌದು ಎನ್ನಬಹುದಿತ್ತು, ಆದರೆ ಮಂಗನ ಕಾಯಿಲೆಯ ವೈರಸ್ ಬರುವುದು ಉಣುಗು ಕಚ್ಚಿ, ಚರ್ಮದ ಮೂಲಕ. ಮೂಗಿನಲ್ಲಿ ಐಜಿಎ ಕಾವಲು ಇಟ್ಟು ಪ್ರಯೋಜನ ಕಡಿಮೆ. ಅದಕ್ಕೆ ರಕ್ತದಲ್ಲಿ ಪ್ರತಿಕಾಯ ಬೇಕು, ತೋಳಿನ ಚುಚ್ಚುಮದ್ದೇ ಸರಿ. ಹೊಸ ಲಸಿಕೆಯ ಕೆಲಸ ನಡೆಯುತ್ತಿದೆ, ಅದಕ್ಕೆ ಹಣ ಕೇಳುವಾಗ ನನ್ನ ಸಹಿಯೂ ಇರಲಿ. ಆದರೆ ಅದಕ್ಕಾಗಿ ಫ್ಲೂ ಸಂಶೋಧನೆಯ ಹಣ ಕಸಿಯಬೇಕು ಎಂಬ ತರ್ಕ ನನಗೆ ಒಗ್ಗದು. 1918ರಲ್ಲಿ ಬೊಂಬಾಯಿ ಬಂದರಿಗೆ ಇಳಿದ ಜ್ವರ ಈ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದಿತು. ನಮ್ಮ ಜಿಲ್ಲೆ ಆಗ ಬೊಂಬಾಯಿ ಪ್ರಾಂತ್ಯಕ್ಕೇ ಸೇರಿತ್ತು.

ಶೆಟ್ಲಿ ಸಾರು

ಸಿಪ್ಪೆಯ ಮಾತು ಎಲ್ಲಿಗೆ ಬಂತು? ನಮ್ಮಲ್ಲಿ ದಿನವೂ ಬುಟ್ಟಿಗಟ್ಟಲೆ ಎಸೆಯುತ್ತೇವೆ. ಕಿಲೋಗೆ ಎಷ್ಟು ಕೊಡುತ್ತೀರಿ?

ಯಾಣದ ಬಂಡೆ

ಅಕ್ಕಾ, ಆ ಆಸೆ ಈಗಲೇ ಬಿಡಿ. ಬಿಸಿಲಿನಲ್ಲಿ ಅರ್ಧ ದಿನ ಬಿದ್ದ ಸಿಪ್ಪೆಯಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಹೊರಪೊರೆಯ ಎಂಡೊಟಾಕ್ಸಿನ್ ಎಂಬ ವಿಷ ಪೂರ್ತಿ ಹೋಗಿದೆ ಎಂಬ ಖಾತರಿ ಇರುವುದಿಲ್ಲ. ಅದು ಲಸಿಕೆಯಲ್ಲಿ ಉಳಿದರೆ ಎರಡು ಕೆಡುಕು. ಒಂದು, ಜ್ವರ, ಉರಿಯೂತ. ಇನ್ನೊಂದು ಸೂಕ್ಷ್ಮವಾದದ್ದು: ಎಂಡೊಟಾಕ್ಸಿನ್ ತಾನೇ ರೋಗನಿರೋಧಕ ಶಕ್ತಿಯನ್ನು ಕೆರಳಿಸುತ್ತದೆ. ಇಲಿಯಲ್ಲಿ ಪ್ರತಿಕಾಯ ಚೆನ್ನಾಗಿ ಬಂತೆಂದು ಪ್ರಬಂಧ ಬರೆದವರಲ್ಲಿ ಎಷ್ಟು ಜನ, ಅದು ಕೈಟೊಸಾನ್‌ನಿಂದ ಬಂತೋ ಕೊಳೆಯಿಂದ ಬಂತೋ ಎಂದು ಅಳೆದಿದ್ದಾರೆ? ತಂಗಿಯ ಪ್ರಯೋಗಾಲಯದಲ್ಲಿ ಅಳೆಯುತ್ತಾರೆಯೇ?

ಕೋಡಿಬಾಗ ಕಡಲು

ಅಳೆಯುತ್ತೇವೆ, ಪ್ರತಿ ಬ್ಯಾಚಿನ ಪುಡಿಯಲ್ಲೂ. ಆ ಕಾರಣಕ್ಕೇ ದುಬಾರಿ ಬೆಲೆಯ ಶುದ್ಧ ಕೈಟೊಸಾನ್ ಕೊಳ್ಳುತ್ತೇವೆ. ಸರಪಳಿಯ ಉದ್ದ, ಕ್ಷಾರದಲ್ಲಿ ಎಷ್ಟು ಭಾಗ ಬದಲಾಗಿದೆ ಎಂಬುದು ಬ್ಯಾಚಿನಿಂದ ಬ್ಯಾಚಿಗೆ ಏರುಪೇರಾದರೆ ಕಣದ ಗಾತ್ರವೂ ಏರುಪೇರಾಗುತ್ತದೆ. ಅಕ್ಕಾ, ಸಿಪ್ಪೆಗೆ ಬೆಲೆ ಬರಬೇಕಾದರೆ ಸುಲಿದ ಕೂಡಲೇ ಮಂಜುಗಡ್ಡೆಯಲ್ಲಿಟ್ಟು ಒಯ್ಯುವ ಏರ್ಪಾಡು ಬೇಕು. ಕೈಟಿನ್, ಕೈಟೊಸಾನ್ ತೆಗೆಯುವ ತಂತ್ರವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಬಹಳ ಹಿಂದೆಯೇ ರೂಪಿಸಿದೆ. ಕೃಷಿಗೆ, ನೀರು ಶುದ್ಧೀಕರಣಕ್ಕೆ ಬೇಕಾದ ದರ್ಜೆ ನಮ್ಮಲ್ಲೂ ಸಾಧ್ಯ. ಲಸಿಕೆಯ ದರ್ಜೆ ಇನ್ನೂ ದೂರ.

ಶೆಟ್ಲಿ ಸಾರು

ಮಂಜುಗಡ್ಡೆ ಮೀನಿಗೇ ಸಾಲುವುದಿಲ್ಲ, ಇನ್ನು ಸಿಪ್ಪೆಗೆ ಎಲ್ಲಿಂದ!

ಯಾಣದ ಬಂಡೆ

ಸರಿ, ಈಗ ನನ್ನ ತಕರಾರಿನ ತಿರುಳು. ಕಣ ಮಾಡುವುದು ಬರುತ್ತದೆ, ನೂರು ಬಗೆಯವು ಇವೆ. ಚಿಪ್ಪಿನದ್ದು, ಪಿಎಲ್‌ಜಿಎ ಎಂಬ ಕರಗುವ ಪ್ಲಾಸ್ಟಿಕ್ಕಿನದ್ದು, ಕಬ್ಬಿಣ ಹಿಡಿದಿಡುವ ಫೆರಿಟಿನ್ ಪ್ರೋಟೀನಿನದ್ದು. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಪಾಲಿಎಥಿಲಿನಿಮೈನ್ ಎಂಬ ಕೃತಕ ಪಾಲಿಮರಿನ ಕಣದಲ್ಲಿ ಫ್ಲೂ ಪ್ರೋಟೀನ್ ಕೂರಿಸಿ ಇಲಿಯ ಮೂಗಿಗೆ ಕೊಟ್ಟು, ಬೇರೆ ತಳಿಯ ವಿರುದ್ಧವೂ ರಕ್ಷಣೆ ತೋರಿಸಿದ್ದಾರೆ. ಆ ಪದಾರ್ಥದ ಧನಾವೇಶ ಕೋಶಗಳಿಗೇ ವಿಷವಾಗಬಲ್ಲದು ಎಂಬುದು ಬೇರೆ ಮಾತು.

ಇಲ್ಲದಿರುವುದು ಅಳತೆಗೋಲು. ಚುಚ್ಚುಮದ್ದಿಗೆ ಒಂದು ಅಳತೆ ಇದೆ: ರಕ್ತದ ಎಚ್‌ಐ ಪರೀಕ್ಷೆಯಲ್ಲಿ (ರಕ್ತದ ದ್ರವವನ್ನು ಎಷ್ಟು ಪಟ್ಟು ತೆಳು ಮಾಡಿದರೂ ಪ್ರತಿಕಾಯ ವೈರಸ್ಸನ್ನು ತಡೆಯುತ್ತದೆಂದು ನೋಡುವುದು) 1:40 ಬಂದರೆ ಸೋಂಕಿನ ಅಪಾಯ ಅರ್ಧಕ್ಕೆ ಇಳಿಯುತ್ತದೆಂದು ದಶಕಗಳಿಂದ ಒಪ್ಪಿಕೊಂಡಿದ್ದಾರೆ. ಮೂಗಿನ ಐಜಿಎ ಎಷ್ಟಿದ್ದರೆ ಸಾಕು? ಹಾಗೆ ಎಲ್ಲರೂ ಒಪ್ಪಿದ ಅಂಕಿ ಇಲ್ಲ. ಮೂಗು ತೊಳೆದು ತೆಗೆದರೆ ಒಂದು ಅಂಕಿ, ಹತ್ತಿಕಡ್ಡಿಯಲ್ಲಿ ತೆಗೆದರೆ ಇನ್ನೊಂದು, ನೆಗಡಿ ಇದ್ದ ದಿನ ಮತ್ತೊಂದು. ಅಳತೆಯೇ ಇಲ್ಲದ ಲಸಿಕೆಗೆ ಔಷಧ ನಿಯಂತ್ರಕರು ಒಪ್ಪಿಗೆ ಕೊಡಬೇಕಾದರೆ ಸಾವಿರಾರು ಜನರಿಗೆ ಕೊಟ್ಟು, ಒಂದೆರಡು ಹಂಗಾಮು ಕಾದು, ಯಾರಿಗೆ ಫ್ಲೂ ಬಂತೆಂದು ಎಣಿಸಬೇಕು. ಆ ಖರ್ಚು ಯಾವ ಪ್ರಯೋಗಾಲಯವೂ ಹೊರುವಂತಹದ್ದಲ್ಲ.

ಆದ್ದರಿಂದ ಸರ್ಕಾರದ ಹಣ ಇನ್ನೊಂದು ಹೊಸ ಕಣಕ್ಕೆ ಹೋಗುವುದು ಬೇಡ. ಮನುಷ್ಯನ ಮೂಗನ್ನು ಅಳೆಯುವುದಕ್ಕೆ ಹೋಗಲಿ. ಇಲಿಯ ಮೇಲಿನ ಕೆಲಸ ಐದು ವರ್ಷ ನಿಲ್ಲಲಿ.

ಕೋಡಿಬಾಗ ಕಡಲು

ಮೂಗನ್ನು ಅಳೆಯುವ ಮಾತಿಗೆ ನನ್ನ ಪೂರ್ಣ ಒಪ್ಪಿಗೆ. ಯುರೋಪಿಯನ್ ಒಕ್ಕೂಟ ಮತ್ತು ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ ಮುಂದಿನ ಪೀಳಿಗೆಯ ಫ್ಲೂ ಲಸಿಕೆಗೆ ಜಂಟಿಯಾಗಿ ಹಣ ಹಾಕಿವೆ. ಅಂತಹ ಯೋಜನೆಗಳಲ್ಲಿ ಮೂಗಿನ ಮಾದರಿ ಸಂಗ್ರಹವನ್ನು ಕಡ್ಡಾಯ ಮಾಡಬೇಕು, ಎಲ್ಲರೂ ಒಂದೇ ಬಗೆಯ ಹತ್ತಿಕಡ್ಡಿ, ಒಂದೇ ವಿಧಾನ ಬಳಸಬೇಕು. ಲಸಿಕೆ ಪಡೆದವರನ್ನು ಆರು ತಿಂಗಳು ಗಮನಿಸಬೇಕು, ಮುಖದ ನರದ ಪರೀಕ್ಷೆಯೂ ಸೇರಬೇಕು. ಸಂದು ಸಡಿಲಿಸುವುದರ ಬಗ್ಗೆ ನೀವು ಎಳೆದ ಕೆಂಪು ಗೆರೆಗೆ ಉತ್ತರ ಸಿಗುವುದೂ ಅಲ್ಲೇ.

ಇಲಿಯ ಕೆಲಸ ನಿಲ್ಲಿಸಿ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಕಣ ವಾಸನೆಯ ನರದ ಮೂಲಕ ಮಿದುಳಿಗೆ ಹೋಗುತ್ತದೆಯೇ ಎಂದು ನೀವೇ ಕೇಳಿದಿರಿ. ಅದನ್ನು ಮನುಷ್ಯರ ಮಿದುಳು ಕತ್ತರಿಸಿ ನೋಡಲು ಬರುತ್ತದೆಯೇ? ಪ್ರಾಣಿಯಲ್ಲೇ ನೋಡಬೇಕು. ಅರಿವಳಿಕೆ ಇಲ್ಲದೆ, ಮೂಗಿನಲ್ಲಿ ನಿಲ್ಲುವಷ್ಟೇ ಪ್ರಮಾಣ ಕೊಟ್ಟು ಮಾಡಿ ಎಂದರೆ ಸರಿ. ಫೆರೆಟ್‌ಗಳಲ್ಲೂ ಮಾಡಬೇಕು, ಮುಂಗುಸಿಯನ್ನು ಹೋಲುವ ಆ ಪುಟ್ಟ ಪ್ರಾಣಿಗಳು ನಮ್ಮಂತೆಯೇ ಫ್ಲೂ ಬಂದರೆ ಸೀನುತ್ತವೆ, ಪಕ್ಕದ ಗೂಡಿಗೆ ಹರಡುತ್ತವೆ. ಹರಡುವುದನ್ನು ಲಸಿಕೆ ತಡೆಯುತ್ತದೆಯೇ ಎಂಬುದೇ ನನ್ನ ಮೂಲ ಪ್ರಶ್ನೆಯಾಗಿರುವಾಗ ಅದನ್ನು ಬಿಟ್ಟು ಮುಂದೆ ಹೋಗಲಾರೆ.

ಯಾಣದ ಬಂಡೆ

ಫೆರೆಟ್ ಇರಲಿ. ಇಲಿಗೆ ಅರಿವಳಿಕೆ ಕೊಟ್ಟ ಪ್ರಬಂಧ ತಂದರೆ ನಾನು ಓದುವುದಿಲ್ಲ.

ದಾದಿ ಜೋಯಿಡಾ

ಅಘನಾಶಿನಿಯವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ಕಣದ ಲಸಿಕೆ ಉಬ್ಬಸದ ಮಕ್ಕಳಿಗೆ ಆಗುತ್ತದೆಯೇ ಎಂಬುದು ಪರೀಕ್ಷೆಗಳು ನಡೆದ ಮೇಲಿನ ಮಾತು. ಈಗ ಸಿಗುವ ನಿಷ್ಕ್ರಿಯ ವೈರಸ್ಸಿನ ಚುಚ್ಚುಮದ್ದು ಆರು ತಿಂಗಳು ದಾಟಿದ ಮಕ್ಕಳಿಗೆ ಕೊಡಬಹುದು, ಉಬ್ಬಸ ಇರುವವರಿಗಂತೂ ಕೊಡಿಸಲೇಬೇಕು ಎನ್ನುತ್ತಾರೆ. ಮೊದಲ ಸಲ ಹಾಕಿಸುವ ಸಣ್ಣ ಮಕ್ಕಳಿಗೆ ನಾಲ್ಕು ವಾರ ಅಂತರದಲ್ಲಿ ಎರಡು ಡೋಸ್, ಮುಂದೆ ವರ್ಷಕ್ಕೊಂದು. ಸರ್ಕಾರದ ಸಾರ್ವತ್ರಿಕ ಲಸಿಕಾ ಪಟ್ಟಿಯಲ್ಲಿ ಇದು ಇಲ್ಲ, ಖಾಸಗಿಯಲ್ಲಿ ಹಣ ಕೊಟ್ಟೇ ಹಾಕಿಸಬೇಕು. ಪ್ರತಿಕಾಯ ಏಳಲು ಎರಡು ವಾರ ಬೇಕಾದ್ದರಿಂದ ಏಪ್ರಿಲ್‌ನಲ್ಲಿ ಮೊದಲನೆಯದು, ಮೇ ತಿಂಗಳಲ್ಲಿ ಎರಡನೆಯದು ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ನಮ್ಮಲ್ಲಿ ಫ್ಲೂ ಏರುತ್ತದೆ. ಅಂಗಡಿಯಿಂದ ಆಸ್ಪತ್ರೆಗೆ ಒಯ್ಯುವಾಗ ಮಂಜಿನ ಚೀಲದಲ್ಲಿಡಿ, ಆದರೆ ಮಂಜುಗಡ್ಡೆಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದರೆ ಆ ಲಸಿಕೆ ಎಸೆಯಬೇಕಾಗುತ್ತದೆ. ಮಗನ ವೈದ್ಯರಿಗೆ ಉಬ್ಬಸದ ಔಷಧಿಗಳ ಚೀಟಿ ತೋರಿಸಿಯೇ ಹಾಕಿಸಿ.